ಚಿಕ್ಕಿ ಬಾಯಿ ಮುಚ್ಚಿಕೊಂಡು ಹಾರಿದ್ದು

ಮಗನ ಅಂಗಿಗೆ ಇನ್ನೂ ಪಾಪ್‌ಕಾರ್ನಿನ ಬೆಣ್ಣೆ ವಾಸನೆ ಇತ್ತು. ಸಾಗರದಲ್ಲಿ ಹೊಸ ಸಿನಿಮಾ ನೋಡಿಕೊಂಡು, ಹಿನ್ನೀರು ದಾಟಿಸುತ್ತಿದ್ದ ಲಾಂಚಿನ ಬದಲಿಗೆ ಬಂದ ಹೊಸ ಸೇತುವೆ ದಾಟಿ, ತುಮರಿ ಕಡೆ ಇರುವ ಚಿಕ್ಕಿಯ ಮನೆಗೆ ಬಂದಿದ್ದೆವು. ಚಿಕ್ಕಿ ಎಂದರೆ ನನ್ನ ಅಮ್ಮನ ತಂಗಿ. ಸಿನಿಮಾದಲ್ಲಿ ನಾಯಕ ಕುದುರೆಯ ಸಮೇತ ಜಲಪಾತದ ನೆತ್ತಿಯಿಂದ ಹಾರುತ್ತಾನೆ. ಕುದುರೆಯ ಕೂದಲಿನಿಂದ ನೀರಿನ ಹನಿಗಳು ಒಂದೊಂದಾಗಿ ಬಿಡಿಸಿಕೊಂಡು ನಮ್ಮ ಮುಖದ ಕಡೆಗೇ ಬರುತ್ತವೆ. ಸುಳ್ಳು ಏಕೆ ಹೇಳಲಿ, ನಾನು ಮುಖ ಒರೆಸಿಕೊಂಡೆ. ಕುದುರೆಯೂ ಇಲ್ಲ, ನೀರೂ ಇಲ್ಲ, ಹಸಿರು ಪರದೆಯ ಮುಂದೆ ಒಬ್ಬ ಹಗ್ಗಕ್ಕೆ ಜೋತುಬಿದ್ದಿರುತ್ತಾನೆ ಅಷ್ಟೆ ಎಂದು ಮಗ ದಾರಿಯುದ್ದಕ್ಕೂ ಪಾಠ ಮಾಡಿದ. ಇಲ್ಲದ ನೀರಿಗೆ ನಾನು ಮುಖ ಒರೆಸಿಕೊಳ್ಳುವಂತೆ ಮಾಡಿದವರು ಸಾಮಾನ್ಯರಲ್ಲ ಬಿಡಿ.

ಚಿಕ್ಕಿ ಎಲ್ಲವನ್ನೂ ಕೇಳಿಸಿಕೊಂಡು, "ನಾನೂ ಹಾರಿದೀನಿ ಮಾರಾಯ. ಲಾಂಚಿನ ಮೇಲಿಂದ, ಸಿನಿಮಾಕ್ಕೆ," ಎಂದಳು.

"ಹೋಗಜ್ಜಿ, ಅದೂ ಗ್ರಾಫಿಕ್ಸೇ ಆಗಿರ್ತದೆ."

"ಗ್ರಾಫಿಕ್ಸ್ ಅಲ್ಲ ಮಾರಾಯ, ಯಾವ್ದೋ ಗಂಡ್ಸು ಸೀರೆ ಉಟ್ಕಂಡು ಹಾರಿದ್ದು. ನಿಮ್ಮಜ್ಜಿ ದಡದಲ್ಲಿ ನಿಂತು ಚಪ್ಪಾಳೆ ಹೊಡ್ದಿರ್ಬೇಕು," ಎಂದು ಅವಳ ಗಂಡ, ನನ್ನ ಚಿಕ್ಕಪ್ಪ, ಎಲೆಯಡಿಕೆಯ ಕವಳ ತುಂಬಿದ ಬಾಯಲ್ಲೇ ನಕ್ಕರು.

ಎಷ್ಟೋ ವರ್ಷಗಳಿಂದ ಚಿಕ್ಕಪ್ಪ ಇದನ್ನೇ ಹೇಳಿಕೊಂಡು ಬಂದಿದ್ದಾರೆ. ಚಿಕ್ಕಿಯೂ ಜೊತೆಗೆ ನಗುತ್ತಾಳೆ. ಆದರೆ ನಗುವಾಗ ಅವಳ ಕೈಯ ಕೆಲಸ ನಿಂತುಹೋಗುತ್ತದೆ. ಊರು ನಂಬದಿದ್ದರೆ ಅವಳಿಗೆ ಏನೂ ಇಲ್ಲ. ಈ ಒಬ್ಬರು ನಂಬಬೇಕಿತ್ತು.

ನಾನು ಕಣ್ಣಾರೆ ಕಂಡವಳು. ಆಗ ಸಾಗರದಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗಳು ನಾನು. ಯಾರೂ ಕೇಳದಿದ್ದರೂ ಇದನ್ನು ಹೇಳುತ್ತೇನೆ. ನೋಡಿ, ನಿಮಗೂ ಹೇಳಿಬಿಟ್ಟೆ. ನನಗೆ ಇಂಗ್ಲಿಷ್ ಬರುತ್ತದೆಂದು ಚಿಕ್ಕಿ ಲಾಂಚಿನಲ್ಲೆಲ್ಲ ಸಾರಿದ್ದಳು. ಹಾಗಾಗಿ ಶೂಟಿಂಗಿನವರು ಬಂದಾಗ ನಾನೇ ದುಭಾಷಿಯಾದೆ. ಅವರ ಸ್ಟಂಟ್ ಮಾಸ್ಟರಿಗೆ ತಮಿಳು, ಇಂಗ್ಲಿಷ್ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಪರೀಕ್ಷೆಯಲ್ಲಿ ಇಂಗ್ಲಿಷ್ ಪಾಸಾಗುವುದೇ ಬೇರೆ, ಇಂಜಿನ್ನಿನ ಸದ್ದಿನ ನಡುವೆ ಅರಚುವ ಮನುಷ್ಯನ ಇಂಗ್ಲಿಷ್ ತಿಳಿಯುವುದೇ ಬೇರೆ ಎಂದು ಆವತ್ತು ಗೊತ್ತಾಯಿತು.

ಖಳರು ಅಟ್ಟಿಸಿಕೊಂಡು ಬಂದಾಗ ನಾಯಕಿ ಲಾಂಚಿನ ಕ್ಯಾಬಿನ್ ಮೇಲೆ ಹತ್ತಿ ಹಿನ್ನೀರಿಗೆ ಹಾರಬೇಕು. ಅವಳ ಬದಲಿಗೆ ಹಾರಲು ವಿಗ್ಗು ಸೀರೆ ಸಮೇತ ಬಂದಿದ್ದ ಹುಡುಗ ಜ್ವರ ಬಂದು ಮಲಗಿದ್ದ. ಉಳಿದವರು ನೀರು ನೋಡಿ ಹಿಂದೆ ಸರಿದರು. ಅಣೆಕಟ್ಟಿನ ನೀರಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಅಡಿಯಲ್ಲಿ ಇನ್ನೂ ನಿಂತೇ ಇವೆಯಲ್ಲ, ಅದನ್ನು ಯಾರೋ ಅವರ ಕಿವಿಗೆ ಹಾಕಿದ್ದರು.

"ನಾನು ಹಾರ್ತೀನಿ ಅಂತ ಹೇಳೇ ಅವ್ರಿಗೆ," ಎಂದಳು ಚಿಕ್ಕಿ.

"ಚಿಕ್ಕಪ್ಪ ಏನಂತಾರೆ?"

"ಅವ್ರು ಹೊಸನಗರಕ್ಕೆ ಹೋಗಿದಾರೆ. ಬರೋಷ್ಟರಲ್ಲಿ ಸೀರೆ ಒಣಗಿರ್ತದೆ."

ಕಥೆಯಲ್ಲಿ ನಾಯಕಿಗೆ ಮದುವೆಯಾಗಿಲ್ಲ, ತಾಳಿ ತೆಗೆಯಬೇಕು ಎಂದರು ಮಾಸ್ಟರ್. ನಾನು ಕನ್ನಡದಲ್ಲಿ ಹೇಳಿದೆ. ಚಿಕ್ಕಿ "ಆಯ್ತು" ಎಂದು ಆಚೆ ತಿರುಗಿದಳು. ಮತ್ತೆ ಈಚೆ ತಿರುಗಿದಾಗ ಕೊರಳಲ್ಲಿ ತಾಳಿ ಕಾಣುತ್ತಿರಲಿಲ್ಲ. ಹಾರುವಾಗ ಬಾಯಿ ತೆರೆದು ಕಿರುಚಬೇಕು ಎಂದರು. ಅದನ್ನೂ ಹೇಳಿದೆ.

ಆಮೇಲೆ ಕಂಡದ್ದನ್ನು ಹೇಗೆ ಹೇಳಲಿ? ಕ್ಯಾಬಿನ್ನಿನ ತಗಡಿನ ಮೇಲೆ ಧಡಧಡ ಓಡಿದ ಸದ್ದು. ಕೆಂಪು ಸೀರೆ ಒಮ್ಮೆ ಆಕಾಶಕ್ಕೆ ಅಂಟಿಕೊಂಡಂತಾಯಿತು. ದಿನಾ ಸೊಪ್ಪು ಹೆಚ್ಚುವ, ಕೊಟ್ಟಿಗೆ ಗುಡಿಸುವ ನನ್ನ ಚಿಕ್ಕಿ ಅಲ್ಲಿ ಗಾಳಿಯಲ್ಲಿದ್ದಳು. ಕೂಗಿಲ್ಲ, ಸದ್ದಿಲ್ಲ. ನೀರು ಅವಳನ್ನು ತೆಗೆದುಕೊಂಡು ಮುಚ್ಚಿಕೊಂಡಿತು. ಬೊಡ್ಡೆಗಳ ನೆನಪಾಗಿ ನಾನು ನೀರಿನ ಕಡೆಗೆ ಓಡಿದೆ. ಯಾರೂ ನೋಡದ ಕಡೆ, ಎಷ್ಟೋ ದೂರದಲ್ಲಿ, ನೀರುನಾಯಿಯ ಹಾಗೆ ಅವಳ ತಲೆ ಎದ್ದಿತು. ಕಿರುಚಲಿಲ್ಲವೆಂದು ಬೈಯಲು ಬಾಯಿ ತೆರೆದ ಮಾಸ್ಟರ್ ಬೈಯದೆ ಕೈ ಮುಗಿದರು. ಪಾಪ, ಹೆದರಿಕೆಗೆ ದನಿ ಹೊರಡಲಿಲ್ಲ ಎಂದುಕೊಂಡೆ ನಾನು.

ಸಿನಿಮಾ ಸಾಗರಕ್ಕೆ ಬಂದಾಗ ಮನೆಮಂದಿಯೆಲ್ಲ ಹೋದೆವು. "ಇಲ್ಲೇ, ಇಲ್ಲೇ" ಎಂದು ಚಿಕ್ಕಿ ಬೆರಳು ತೋರಿಸುವಷ್ಟರಲ್ಲಿ ಮುಗಿದೇ ಹೋಯಿತು. ಕಿರುಚಾಟ ಮಾತ್ರ ಥಿಯೇಟರು ತುಂಬ ಕೇಳಿಸಿತು, ನಾಯಕಿಯದು. "ಇದು ನಿನ್ ದನಿಯಾ?" ಎಂದರು ಚಿಕ್ಕಪ್ಪ. ಅಲ್ಲ ಎನ್ನದೆ ಗತಿಯಿರಲಿಲ್ಲ. ನಾನು ಸಾಕ್ಷಿ ಹೇಳಿದರೆ "ನೀನು ಅವಳ ಕಡೆಯೋಳು" ಎಂದು ತಳ್ಳಿಹಾಕಿದರು. ಥಿಯೇಟರಿನಲ್ಲಿ ಸಿನಿಮಾ ನಿಲ್ಲಿಸಿ ತೋರಿಸಲು ಆಗುತ್ತದೆಯೇ?

ಮೊಬೈಲಿನಲ್ಲಿ ಆಗುತ್ತದೆ. ಮಗ ಆ ಸಿನಿಮಾವನ್ನು ಹುಡುಕಿ, ಹಾರುವ ಕಡೆ ನಿಲ್ಲಿಸಿ, ಬೆರಳಿನಿಂದ ಹಿಗ್ಗಿಸಿದ.

"ಅಮ್ಮಾ, ಕಿರುಚೋದು ಕೇಳ್ತದೆ. ಆದ್ರೆ ಬಾಯಿ ಮುಚ್ಚಿದೆ ನೋಡು."

ಹೌದು, ಬಾಯಿ ಬಿಗಿಯಾಗಿ ಮುಚ್ಚಿತ್ತು. ತುಟಿಯಿಂದ ಕುತ್ತಿಗೆಯವರೆಗೆ ಒಂದು ಕಪ್ಪು ಗೆರೆ.

"ಪ್ರಿಂಟಿನ ಗೀರು ಅದು," ಎಂದರು ಚಿಕ್ಕಪ್ಪ.

ಮಗ ಚಿತ್ರವನ್ನು ಚೂರು ಚೂರೇ ಮುಂದೆ ಸರಿಸಿದ. ಗೆರೆ ಅವಳ ಜೊತೆಗೇ ಕೆಳಗಿಳಿಯಿತು, ಅವಳ ಜೊತೆಗೇ ನೀರು ಸೇರಿತು.

"ಕರಿಮಣಿ," ಎಂದಳು ಚಿಕ್ಕಿ, ಒಳಗಿನಿಂದ ಬರುತ್ತ. "ತೆಗ್ದಿರ್ಲಿಲ್ಲ, ರವಿಕೆ ಒಳಗೆ ಹಾಕ್ಕಂಡು ಮೇಲೆ ಸೆರಗು ಎಳ್ಕಂಡಿದ್ದೆ. ನೀರಿಗೆ ಬಿದ್ರೆ ತಲೆ ಮೇಲಿಂದ ಜಾರಿ ಹೋಗ್ತದಲ್ಲ, ಅದ್ಕೆ ಹಾರೋವಾಗ ತಾಳಿ ಕಚ್ಚಿ ಹಿಡ್ದೆ. ಹೊಳೆಗೆ ಇಳಿಯೋವಾಗ ನಮ್ಮಮ್ಮ ಮಾಡ್ತಿದ್ದಿದ್ದೂ ಹಂಗೇ. ಕಿರುಚು ಅಂದ್ರೆ ಎಂತ ಮಾಡೋದು?"

"ಕಂಪ್ಯೂಟರ್ ಆಗಿದ್ರೆ ಬಾಯಿ ತೆಗೆಸ್ತಿತ್ತು," ಎಂದ ಮಗ ಮೆಲ್ಲಗೆ.

ಚಿಕ್ಕಪ್ಪ ಎದ್ದು ಹೋಗಿ ಕವಳ ಉಗುಳಿ ಬಂದರು. ಕನ್ನಡಕ ಹಾಕಿಕೊಂಡು, "ಇನ್ನೊಂದ್ಸಲ ತೋರ್ಸು," ಎಂದರು. ನೋಡಿದರು. ಮತ್ತೊಮ್ಮೆ ತೋರಿಸೆಂದರು.

"ಇದ್ನ ಎಂತಕ್ಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ಅದಕ್ಕೊಂದು ಬೇರೆ ನಗ್ತಿದ್ರಿ."

ಚಿಕ್ಕಪ್ಪ ಕನ್ನಡಕ ತೆಗೆದು ಕೇಳಿದರು: "ಅಷ್ಟು ಎತ್ತರದಿಂದ ಕಚ್ಕಂಡು ಬಿದ್ಯಲ್ಲ, ಹಲ್ಲು ನೋವಾಗ್ಲಿಲ್ವನೇ?"

"ಆವತ್ತೇ ಕೇಳ್ಬೇಕಿತ್ತು," ಎಂದಳು ಚಿಕ್ಕಿ. ಎಂದವಳು ಅವರ ಪಕ್ಕದಲ್ಲೇ ಕೂತು, ತಾನೂ ಮೊಬೈಲಿಗೆ ಬಗ್ಗಿದಳು.

ವಾಪಸು ಬರುವಾಗ ಮಗ ಸೇತುವೆಯ ಮಧ್ಯೆ ಬೈಕು ನಿಲ್ಲಿಸಿದ. ಇಬ್ಬರೂ ಕಟಕಟೆಯ ಮೇಲಿಂದ ಬಗ್ಗಿ ನೋಡಿದೆವು. ಕೆಳಗೆ ನೀರು ಕಪ್ಪಗೆ, ತಳ ಕಾಣದೆ ಹರಡಿತ್ತು. ಅದರೊಳಗೆ ಆ ಕಾಡು ಇನ್ನೂ ನಿಂತಿದೆ.

"ಅಮ್ಮಾ, ಆ ಲಾಂಚು ಎಷ್ಟು ಎತ್ತರ ಇತ್ತು?"

ಉತ್ತರ ಹೇಳಬೇಕಾದರೆ ಮೊದಲು ಬಾಯಿ ಬಿಡಬೇಕಿತ್ತು. ನನ್ನ ತಾಳಿ ಯಾವಾಗಲೋ ಹಲ್ಲಿನ ನಡುವೆ ಬಂದಿತ್ತು.