ಇಬ್ಬನಿಯ ಎಡಗೈ

ಮೂರು ವರ್ಷದ ಹಿಂದಿನ ಮಾತು. ದಾವಣಗೆರೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತನಾದ ಮೇಲೆ, ಸರಸ್ವತಿ ನಗರದ ಮನೆಯ ಮಹಡಿ ಕೋಣೆಯಲ್ಲಿ ಕೂತು ಬೆಂಗಳೂರಿನ ಒಂದು ಕಾಮಿಕ್ಸ್ ಕಂಪನಿಗೆ ಚಿತ್ರ ಬರೆದುಕೊಡುತ್ತಿದ್ದೆ. ಹಿನ್ನೆಲೆ ಬರೆಯುವುದು, ಬಣ್ಣ ತುಂಬುವುದು, ಇಂಥ ಚಿಲ್ಲರೆ ಕೆಲಸ. ಒಂದು ದಿನ ಅಲ್ಲಿನ ಸಂಪಾದಕ ಪ್ರದೀಪ್ ಫೋನ್ ಮಾಡಿ, “ಈ ಸಲ ಇಡೀ ಪುಸ್ತಕ ನಿಮ್ಮದೇ ಸರ್” ಎಂದ. ಒಂದು ಲೈಟ್ ನಾವೆಲ್ಲನ್ನು ಮಾಂಗಾ ಮಾಡಬೇಕಿತ್ತು.

ಲೈಟ್ ನಾವೆಲ್ ಎಂದರೆ ಹರೆಯದವರು ಒಂದೆರಡು ಸಲ ಕೂತು ಓದಿ ಮುಗಿಸುವ ಸಣ್ಣ ಕಾದಂಬರಿ. ಮಾಂಗಾ ಎಂದರೆ ಜಪಾನಿನ ಚಿತ್ರಕಥೆ. ಅದನ್ನು ಬಲದಿಂದ ಎಡಕ್ಕೆ ಓದಬೇಕು. “ನಮ್ಮದು ಅಸಲಿ ಮಾಂಗಾ ಸರ್, ಬಲದಿಂದಲೇ ಶುರು ಮಾಡಿ” ಎಂದು ಪ್ರದೀಪ್ ಒತ್ತಿ ಒತ್ತಿ ಹೇಳಿದ್ದ. ಈ ಮಾತು ನೆನಪಿರಲಿ.

ಕಾದಂಬರಿ ಬರೆದವಳು ನಮ್ಮ ಹರಿಹರದ ಹುಡುಗಿ, ಶಶಿಕಲಾ. ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಮಗುವಾಗಿದ್ದಾಗ ಬಂದ ಜ್ವರದಲ್ಲಿ ಬಲಗೈ ಸ್ವಾಧೀನ ತಪ್ಪಿತ್ತು. ಇಡೀ ಕಾದಂಬರಿಯನ್ನು ಎಡಗೈ ಹೆಬ್ಬೆರಳಿನಲ್ಲಿ ಮೊಬೈಲ್ ಮೇಲೆ ಕುಟ್ಟಿದ್ದಳು.

ಕಥೆಯ ನಾಯಕಿ ಇಬ್ಬನಿ, ಅರಮನೆಯಲ್ಲಿ ದೀಪ ಹಚ್ಚುವವಳು. ಶಾಪದಿಂದ ಅವಳ ಬಲಗೈ ಕಲ್ಲಾಗುತ್ತದೆ. ಎಡಗೈಯಿಂದ ಕೊಟ್ಟದ್ದನ್ನು ಆ ರಾಜ್ಯದಲ್ಲಿ ಯಾರೂ ಮುಟ್ಟುವುದಿಲ್ಲ. ಅವಳ ದೀಪ ಎಲ್ಲರಿಗೂ ಅಪಶಕುನ. ಕೊನೆಗೆ ಮಂಜಿನ ನಾಡಿನ ರಾಜಕುಮಾರ ತುಂಬಿದ ಆಸ್ಥಾನದಲ್ಲಿ ತನ್ನ ಎಡಗೈ ಚಾಚಿ ಆ ದೀಪವನ್ನು ಇಸಿದುಕೊಳ್ಳುತ್ತಾನೆ. ಇಷ್ಟೇ ಕಥೆ. ರಾಜಕುಮಾರ, ಶಾಪ ಎಂದೊಡನೆ ಮೂಗು ಮುರಿದಿದ್ದ ನಾನು ಆ ಜಾಗಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡೆ.

ಕೈ ಬರೆಯುವುದು ಚಿತ್ರಕಾರನಿಗೆ ಯಾವತ್ತೂ ಕಷ್ಟ. ಅದಕ್ಕೇ ಬಸ್ ಹತ್ತಿ ಹರಿಹರಕ್ಕೆ ಹೋಗಿ, ಶಶಿಕಲಾಳ ಎಡಗೈಯನ್ನೇ ಮುಂದಿಟ್ಟುಕೊಂಡು ಬರೆದೆ. ಹಲ್ಲಿನಲ್ಲಿ ರಬ್ಬರ್ ಬ್ಯಾಂಡ್ ಕಚ್ಚಿ ಒಂದೇ ಕೈಯಲ್ಲಿ ಜಡೆಗೆ ಹಾಕುತ್ತಿದ್ದಳು, ನೋಡಬೇಕು! ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಅವಳ ಅವ್ವನಿಗೆ ಇದು ಸರಿಬರಲಿಲ್ಲ.

“ಆ ಕೈ ಯಾಕ ಬರೀತೀರಿ ಮೇಷ್ಟ್ರೆ? ಮುಖ ಬರೀರಿ. ಮುಖ ಲಕ್ಷಣವಾಗೈತೆ.”

ಅವ್ವನಿಗೆ ಮಗಳೆಂದರೆ ಜೀವ. ಆದರೂ ಆ ಮನೆಯಲ್ಲಿ ಶಶಿಕಲಾ ನೀರು ತಂದರೂ ಕೆಳಗೇ ಇಡಬೇಕು, ಕೈಯಿಂದ ಕೈಗೆ ಕೊಡುವ ಹಾಗಿಲ್ಲ. ಬಾಗಿಲವರೆಗೆ ಕಳಿಸಲು ಬಂದಾಗ ಶಶಿಕಲಾ ಮೆಲ್ಲಗೆ ಹೇಳಿದಳು: “ಸರ್, ಅವ್ವಂಗೆ ಓದಾಕೆ ಬರಲ್ಲ. ನಾ ಏನ್ ಬರ್ದೀನಿ ಅಂತ ಅವ್ಳಿಗೆ ಗೊತ್ತೇ ಇಲ್ಲ. ಚಿತ್ರ ಆದ್ರೆ ನೋಡ್ತಾಳೆ. ದೀಪ ಕೊಡೋ ಆ ಒಂದ್ ಪುಟ ಅವ್ವ ನೋಡ್ಬೇಕು ಸರ್, ಅಷ್ಟೇ.”

ಆ ಒಂದು ಪುಟಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು. ಬರೆದೆ, ಹರಿದೆ, ಮತ್ತೆ ಬರೆದೆ. ಕೊನೆಗೆ ಎರಡು ಎಡಗೈಗಳು, ನಡುವೆ ಒಂದು ಹಣತೆ, ಸುತ್ತ ಬಾಯಿ ಬಿಟ್ಟು ನಿಂತ ಆಸ್ಥಾನ. ಇಷ್ಟು ವರ್ಷದಲ್ಲಿ ಅಂಥದ್ದೊಂದು ಚಿತ್ರ ನನ್ನ ಕೈಯಿಂದ ಬಂದಿರಲಿಲ್ಲ ಎಂದರೆ ಜಂಬವಲ್ಲ.

ಅಚ್ಚಿಗೆ ಮುಂಚೆ ಪ್ರೂಫ್ ಬಂತು. ತೆರೆದೆ. ಏನೋ ಎಡವಟ್ಟು ಅನಿಸಿತು, ಏನೆಂದು ತಿಳಿಯಲಿಲ್ಲ. ಆಮೇಲೆ ರಾಣಿಯ ಸೆರಗು ಕಂಡಿತು, ಬಲಭುಜದ ಮೇಲಿತ್ತು. ಸೈನಿಕನ ಕತ್ತಿ ಎಡಗೈಯಲ್ಲಿ. ದೀಪದ ಪುಟ ತೆರೆದರೆ ಇಬ್ಬನಿಯ ಎಡಗೈ ಕಲ್ಲಾಗಿತ್ತು, ಚೆನ್ನಾಗಿರುವ ಬಲಗೈಯಿಂದ ದೀಪ ಕೊಡುತ್ತಿದ್ದಳು! ನಮ್ಮ ಓದುಗರಿಗೆ ಬಲದಿಂದ ಓದಲು ಬರುತ್ತಿಲ್ಲ, ಉತ್ತರ ಮೊದಲು ಓದಿ ಪ್ರಶ್ನೆ ಆಮೇಲೆ ಓದುತ್ತಾರೆ ಎಂದು ಕಂಪನಿಗೆ ಆಗ ಜ್ಞಾನೋದಯವಾಗಿತ್ತು. ಪುಟದ ಚಿತ್ರಚೌಕಗಳನ್ನು ಎಡದಿಂದ ಮತ್ತೆ ಜೋಡಿಸುವ ಬದಲು, ಕಂಪ್ಯೂಟರಿನಲ್ಲಿ ಪ್ರತಿ ಪುಟವನ್ನೂ ಫ್ಲಿಪ್ ಮಾಡಿದ್ದರು. ಫ್ಲಿಪ್ ಎಂದರೆ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲು. ಮಾತುಗಳನ್ನು ಮಾತ್ರ ಮೇಲೆ ಹೊಸದಾಗಿ ಅಂಟಿಸಿದ್ದರು.

ಫೋನಿನಲ್ಲಿ ಪ್ರದೀಪನ ಮೇಲೆ ಕೂಗಾಡಿದೆ. “ಅಲ್ಲಪ್ಪ, ಇಡೀ ಆಸ್ಥಾನ ಎಡಗೈಲಿ ಊಟ ಮಾಡ್ತಾ ಕುಂತೈತೆ! ನಿಂಗೆ ಕಣ್ಣಿಲ್ವಾ?”

“ಸರ್, ಯಾವ ಕೈ ಆದ್ರೇನು? ರೀಡರ್ಸ್ ಅಷ್ಟೆಲ್ಲ ನೋಟಿಸ್ ಮಾಡಲ್ಲ.”

“ಕಥೆ ನಿಂತಿರೋದೇ ಆ ಕೈ ಮೇಲೆ ಕಣೋ! ದೀಪದ ಪುಟ ಒಂದನ್ನಾದ್ರೂ ನಾನು ಮತ್ತೆ ಬರೆದುಕೊಡ್ತೀನಿ.”

“ಟೈಮ್ ಇಲ್ಲ ಸರ್. ಬಿಡುಗಡೆಗೆ ಹಾಲ್ ಬುಕ್ ಆಗಿದೆ.”

ಮರುದಿನ ತಿದ್ದಿದ ಪ್ರೂಫ್ ಕಳಿಸಿದ. ಏನು ತಿದ್ದಿದ್ದ ಗೊತ್ತೇ? ಮಾತಿನಲ್ಲಿ ಎಲ್ಲೆಲ್ಲಿ “ಎಡಗೈ” ಎಂದಿತ್ತೋ ಅಲ್ಲೆಲ್ಲ “ಎಡ” ತೆಗೆದು ಬರೀ “ಕೈ” ಮಾಡಿದ್ದ. “ಈಗ ಕನ್‌ಫ್ಯೂಷನ್ ಇಲ್ಲ ಸರ್” ಎಂಬ ಸಂದೇಶ ಬೇರೆ. ನನ್ನ ಹೆಸರು ತೆಗೆಯಿರಿ ಎಂದೆ. ಕವರ್ ಆಗಲೇ ಅಚ್ಚಾಗಿದೆ ಎಂದ. ಥೂ, ಇವರ ಮನೆ ಹಾಳಾಗ!

ಶಶಿಕಲಾಳಿಗೆ ಹೇಳಲೇಬೇಕಾಯಿತು. “ಆ ಪುಟಾನೂ ಏನ್ರಿ ಸರ್?” ಎಂದಳು. ಹೂಂ ಎಂದೆ. ಅವಳೂ ಕಂಪನಿಗೆ ಬರೆದಳು. ಬದಲಾವಣೆಯ ಹಕ್ಕೆಲ್ಲ ನಮ್ಮದು, ನೀವು ಸಹಿ ಹಾಕಿದ್ದೀರಿ ಎಂದು ಉತ್ತರ ಬಂತು.

ಪುಸ್ತಕ ಹೊರಬಂದ ಮೇಲೆ ಹರಿಹರಕ್ಕೆ ಹೋದೆ. ದೀಪದ ಪುಟದ ಮೂಲ ಚಿತ್ರ ಚೀಲದಲ್ಲಿತ್ತು. ಪುಸ್ತಕ ಹೇಗಾದರೂ ಸಾಯಲಿ, ಅವ್ವ ಆ ಪುಟ ನೋಡಿದರೆ ಸಾಕು ಎಂದುಕೊಂಡಿದ್ದೆ. ಆದರೆ ನಾನು ಹೋಗುವಷ್ಟರಲ್ಲಿ ಅಂಚೆಯಲ್ಲಿ ಬಂದ ಪುಸ್ತಕ ಅವ್ವನ ತೊಡೆಯ ಮೇಲಿತ್ತು.

“ಬರ್ರಿ ಮೇಷ್ಟ್ರೆ, ಕೂಡ್ರಿ” ಎಂದವಳೇ ದೀಪದ ಪುಟ ತೆಗೆದು ತೋರಿಸಿದಳು. ಮುಖ ಅರಳಿತ್ತು. “ನೋಡ್ರಿ, ಈ ಹುಡುಗಿ ಎಷ್ಟ್ ಚಂದ ಬಲಗೈಲಿ ದೀಪ ಕೊಡ್ತಾಳೆ! ಹಿಂಗ್ ಕೊಟ್ರೆ ಯಾರ್ ಬ್ಯಾಡ ಅಂತಾರೆ? ನಮ್ ಶಶಿಗೂ ಹಿಂಗೇ ಇರ್ಬೇಕಿತ್ತು. ಪುಸ್ತಕದಾಗಾದ್ರೂ ಸರಿ ಮಾಡೀರಲ್ಲ, ನಿಮ್ ಹೊಟ್ಟೆ ತಣ್ಣಗಿರ್ಲಿ.”

ನಾನು ಚೀಲಕ್ಕೆ ಕೈ ಹಾಕಿದೆ. ಬಾಗಿಲಲ್ಲಿ ನಿಂತಿದ್ದ ಶಶಿಕಲಾ ಬೇಡವೆಂದು ತಲೆಯಾಡಿಸಿದಳು. ಅವ್ವ ಕನ್ನಡಕ ತರಲು ಎದ್ದು ಒಳಗೆ ಹೋದಾಗ ಹತ್ತಿರ ಬಂದು ಹೇಳಿದಳು: “ಬ್ಯಾಡ ಸರ್. ಈಗ ಅದನ್ನ ತೋರಿಸಿದ್ರೆ ಅದೇ ತಪ್ಪು ಅಂತಾಳೆ.”

ಪುಟ ಚೀಲದಲ್ಲೇ ಉಳಿಯಿತು.

ಈಗ ಯಾವ ಕಂಪನಿ ಕರೆದರೂ ಒಪ್ಪಂದದಲ್ಲಿ ಮೊದಲ ಷರತ್ತು ನನ್ನದೇ: ನನ್ನ ಸಹಿಯಿಲ್ಲದೆ ಯಾವ ಪುಟವನ್ನೂ ಫ್ಲಿಪ್ ಮಾಡುವಂತಿಲ್ಲ. ಬರೆದವರಿಗೂ ಅದನ್ನೇ ಹೇಳುತ್ತೇನೆ, ಕಥೆ ಕೊಡುವ ಮುಂಚೆ ಯಾವುದನ್ನು ಮುಟ್ಟಬಾರದೆಂದು ಬರೆಸಿಕೊಳ್ಳಿ ಎಂದು. ಈ ಕೆಲಸ ನನಗೆ ಕಲಿಸಿದ ಪಾಠ ಅದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು.

ಅವತ್ತು ಹರಿಹರದಲ್ಲಿ ನಾನು ಹೊರಡುವ ಮುಂಚೆ ಶಶಿಕಲಾ ಚಾ ತಂದಳು. “ಕೆಳಗಿಡವ್ವ, ಮೇಷ್ಟ್ರು ತಗಂತಾರೆ” ಎಂದಳು ಅವ್ವ, ಎಂದಿನ ಹಾಗೆ. ನಾನು ಎಡಗೈ ಚಾಚಿದೆ. ಅಷ್ಟರಲ್ಲಿ ಅವಳು ಲೋಟವನ್ನು ನೆಲದ ಮೇಲಿಟ್ಟು ಹಿಂದೆ ಸರಿದಾಗಿತ್ತು.