ನೇಪಾಳದವಳ ಸ್ವಂತ ಊರು ಔರಾದ

ನಾನು ಬೀದರಿನ ಮಹಿಳಾ ಆಶ್ರಯ ಕೇಂದ್ರದ ಮೇಲ್ವಿಚಾರಕಿಯಾಗಿದ್ದಾಗ, ಭಾಲ್ಕಿಯ ಒಂದು ಮನೆಯಲ್ಲಿ ಕೂಡಿಹಾಕಿದ್ದ ನೇಪಾಳದ ಹೆಣ್ಣುಮಗಳನ್ನು ಪೊಲೀಸರು ಬಿಡಿಸಿ ಕರೆತಂದರು. ಕೆಲಸ ಕೊಡಿಸುತ್ತೇನೆಂದು ಕರೆತಂದವನು ಅವಳನ್ನು ಮಾರಿ ಹೋಗಿದ್ದ. ಮೂವತ್ತರ ಆಸುಪಾಸಿನವಳು. ಬಾಗಿಲು ಮುಚ್ಚಿದರೆ ಎದ್ದು ಹೋಗಿ ತೆರೆದಿಡುತ್ತಿದ್ದಳು.

ಅವಳ ಊಟ, ಔಷಧಕ್ಕೆ ಅನುದಾನ ಸಿಗಬೇಕೆಂದರೆ ಕಚೇರಿಯ ಕಂಪ್ಯೂಟರಿನಲ್ಲಿ ಸ್ವಂತ ತಾಲೂಕು ತುಂಬಬೇಕು.

"ಇದರಾಗ ನಮ್ಮ ಜಿಲ್ಲಾದ ತಾಲೂಕಷ್ಟೇ ಬರ್ತಾವ್ರಿ. ನೇಪಾಳ ಎಲ್ಲಿಂದ ತರ್ಲಿ?" ಅಂದರು ಗುಮಾಸ್ತರು. ಆಮೇಲೆ ದಾರಿಯನ್ನೂ ಅವರೇ ತೋರಿಸಿದರು. "ಔರಾದ ಹಾಕ್ರಿ ಮೇಡಂ. ಬರಗಾಲದಾಗ ಅರ್ಧ ಊರು ದುಡಿಲಾಕ ಹೊರಗ ಹೋಗ್ಯದ. ಯಾರು ಕೇಳ್ತಾರ್ರಿ?"

ಹಾಕಿಸಿದೆ. ಮೂರು ತಿಂಗಳಾದ ಮೇಲೆ ಬಂದದ್ದು ಅನುದಾನವಲ್ಲ, ಆದೇಶ: ಸದರಿ ಮಹಿಳೆ ಇದೇ ಜಿಲ್ಲೆಯವರಾದ ಕಾರಣ ಕೇಂದ್ರದಲ್ಲಿ ಇರಿಸಿಕೊಳ್ಳುವ ಅಗತ್ಯವಿಲ್ಲ, ಸ್ವಂತ ಊರಿಗೆ ತಲುಪಿಸುವುದು.

ಅವಳಿಗೆ ಹಿಂದಿಯಲ್ಲಿ ತಿಳಿಸಿ ಹೇಳಿದೆ. ಅವಳು, "ಈ ಸಲ ನನ್ನನ್ನು ಯಾರಿಗೆ ಒಪ್ಪಿಸ್ತೀರಿ ದೀದಿ?" ಎಂದಳು.

ಆದೇಶದ ಕೊನೆಗೆ ಬಸ್ ಖರ್ಚೂ ಮಂಜೂರಾಗಿತ್ತು. ಆ ವರ್ಷ ಔರಾದ ಬಿಟ್ಟು ಹೋದ ಅಷ್ಟೂ ಮಂದಿಯಲ್ಲಿ ಸರಕಾರ ಊರಿಗೆ ಕರೆಸಿಕೊಳ್ಳಲು ಹೊರಟದ್ದು ಇವಳೊಬ್ಬಳನ್ನೇ.