ಖಾಜಾಭಾಯ್ ಗ್ಯಾರೇಜಿನ ಎರಡು ಬೈಕುಗಳು

ಗೆಳೆಯರೇ, ರಾಣೆಬೆನ್ನೂರಿನ ಖಾಜಾಭಾಯ್ ಗ್ಯಾರೇಜಿನಿಂದ ಈಗಷ್ಟೇ ಮನೆಗೆ ಬಂದೆ, ತಲೆ ಮಾತ್ರ ಇನ್ನೂ ಅಲ್ಲೇ ಇದೆ. ಅಲ್ಲಿ ಎರಡು ಹಳೆಯ ಬೈಕುಗಳು ಮಾರಾಟಕ್ಕಿದ್ದವು. ಒಂದು ಪುಟ್ಟ ಟು-ಸ್ಟ್ರೋಕ್ ಸ್ಪೋರ್ಟ್ಸ್ ಬೈಕು, ಇನ್ನೊಂದು ದೊಡ್ಡ ಫೋರ್-ಸ್ಟ್ರೋಕ್. ಪುಟ್ಟದನ್ನು ದೇವರಗುಡ್ಡದ ರಸ್ತೆಯಲ್ಲಿ ಓಡಿಸಿ ನೋಡಿದೆ. ಮೊದಲು ಸಪ್ಪಗಿತ್ತು, ಆಮೇಲೆ ಯಾರೋ ಹಿಂದಿನಿಂದ ನೂಕಿದ ಹಾಗೆ ಹಾರಿತು. ದೊಡ್ಡದು ಹಾವೇರಿ ಬಸ್ಸಿನಂತೆ ಗಂಭೀರವಾಗಿ ಹೋಗಿ ಗಂಭೀರವಾಗಿ ಬಂತು.

ಜೊತೆಗಿದ್ದ ಹೆಂಡತಿ ನೇರವಾಗಿ ಕೇಳಿದಳು, “ಅಣ್ಣಾರ, ಖರೇ ಹೇಳ್ರಿ, ರಿಪೇರಿಗೆ ಯಾವುದು ಜಾಸ್ತಿ ಬರ್ತೈತಿ?”

ಖಾಜಾಭಾಯ್ ಕೈ ಒರೆಸಿಕೊಂಡರು. “ಅಕ್ಕಾರ, ದೊಡ್ಡ ಗಾಡಿ ಮಂದಿ ಆಯಿಲ್ ಬದಲಿ ಮಾಡಿಸಾಕ ಬರ್ತಾರ, ಹೊಕ್ಕಾರ. ಅವರ ಹೆಸರೂ ನನಗ ಗೊತ್ತಿಲ್ಲ. ಈ ಸಣ್ಣ ಗಾಡಿಯವರು ಪೆಟ್ರೋಲಿಗೆ ಆಯಿಲ್ ಕೂಡಸೂದು ಮರೀತಾರ, ಇಂಜಿನ್ ಜಾಮ್ ಆಗ್ತೈತಿ, ನೂಕ್ಕೊಂತ ಬರ್ತಾರ. ಅವರೆಲ್ಲ ನಮ್ಮ ಮನಿ ಮಂದಿ ಆಗಿಬಿಟ್ಟಾರ. ಬ್ಯಾಡಗಿಯವರೊಬ್ಬರ ಮೂರೂ ಮಕ್ಕಳ ಹೆಸರು ನನಗ ಬಾಯಿಪಾಠ ಐತ್ರಿ.”

“ಮತ್ತ ಅವರು ಆ ಗಾಡಿ ಯಾಕ ಮಾರವಲ್ರು?” ಎಂದೆ ಕುತೂಹಲ ತಡೆಯಲಾಗದೆ.

“ನಾನೂ ಕೇಳೇನ್ರಿ. ನಕ್ಕೊಂತ ಕಿಕ್ ಹೊಡದು ಹೊಕ್ಕಾರ.”

ಹೆಂಡತಿ ಹೋಗಿ ದೊಡ್ಡ ಬೈಕಿನ ಸೀಟಿನ ಮೇಲೆ ಕುಳಿತುಬಿಟ್ಟಳು. ನಾನು ಪುಟ್ಟದರ ಸುತ್ತ ಇನ್ನೊಂದು ಸುತ್ತು ಹಾಕಿದೆ. ಅದನ್ನೇ ನೋಡುತ್ತಿದ್ದ ಖಾಜಾಭಾಯ್ ಚಹಾ ತರಿಸಿ, ಕಪ್ಪನ್ನು ನನ್ನ ಕೈಗಿಡುತ್ತಾ ಕೇಳಿದರು:

“ನಿಮಗ ಮಕ್ಕಳೆಷ್ಟ್ರಿ ಸರ? ಹೆಸರೇನು?”